ತಿಮ್ಮಪ್ಪಯ್ಯ ಮೇಷ್ಟ್ರ ಷರಾ

ಹನ್ನೊಂದು ವರ್ಷ ಒಬ್ಬ ಮನುಷ್ಯ ಒಂದೇ ಪುಸ್ತಕದಲ್ಲಿ ಒಂದೇ ಮಾತನ್ನು ಬರೆಯುತ್ತಾ ಹೋದರೆ, ಬರೆಯುವವನಿಗೆ ಹುಚ್ಚು ಹಿಡಿಯಬೇಕು, ಇಲ್ಲವೇ ಓದುವವರಿಗೆ ನಾಚಿಕೆಯಾಗಬೇಕು. ತಿಮ್ಮಪ್ಪಯ್ಯ ಮೇಷ್ಟ್ರಿಗೆ ಹುಚ್ಚು ಹಿಡಿಯಲಿಲ್ಲ. ಓದುವವರಿಗೆ ನಾಚಿಕೆಯಾಗುವ ಪ್ರಶ್ನೆಯೇ ಬರಲಿಲ್ಲ, ಯಾಕೆಂದರೆ ಓದುವವರು ಯಾರೂ ಇರಲಿಲ್ಲ.

ಊರಿನ ಹೆಸರು ಬೇಡ. ಹೇಳಿದರೆ ಅಲ್ಲಿಯವರ ಮೊಮ್ಮಕ್ಕಳು ಜಗಳಕ್ಕೆ ಬರುತ್ತಾರೆ. ಕೊಡಗಿನ ಒಂದು ತಾಲೂಕು ಪೇಟೆ ಅಂದುಕೊಳ್ಳಿ, ಸಾಕು. ಇಂಗ್ಲಿಷರ ಕಾಲ. ತಾಲೂಕಿನ ಮುಖ್ಯ ಅಧಿಕಾರಿ ಸುಬೇದಾರರ ಕಚೇರಿಯ ಹಿಂದೆ ಹೆಂಚಿನ ಮಾಡಿನ ಒಂದು ಸಬ್‌ಜೈಲು ಇತ್ತು. ಮೂರು ಕೋಣೆ. ಒಂದರಲ್ಲಿ ಜೈಲಿನ ಸಾಮಾನು, ಒಂದರಲ್ಲಿ ಹೆಂಗಸರು, ಉಳಿದ ಒಂದರಲ್ಲಿ ಮಿಕ್ಕ ಸಮಸ್ತ ಪ್ರಪಂಚ. ಹೆಂಗಸು ಕೈದಿಗಳು ವರ್ಷಕ್ಕೆ ಒಬ್ಬಳೋ ಇಬ್ಬರೋ ಬರುವವರು, ಆದರೂ ಆ ಕೋಣೆಗೆ ಬೇರೆ ಯಾರನ್ನೂ ಹಾಕಕೂಡದು, ರೂಲು! ಖಾಲಿ ಕೋಣೆಗೆ ಬೀಗ ಹಾಕಿ, ಪಕ್ಕದ ಕೋಣೆಯಲ್ಲಿ ಹದಿನಾಲ್ಕು ಜನರನ್ನು ಹಲಸಿನ ತೊಳೆಯ ಹಾಗೆ ಒತ್ತೊತ್ತಾಗಿ ಮಲಗಿಸುತ್ತಿದ್ದರು.

ಸರ್ಕಾರದ್ದೇ ಇನ್ನೊಂದು ರೂಲು ಇತ್ತು. ಪ್ರತಿ ಜೈಲಿಗೂ ಊರಿನ ಒಬ್ಬ ಮರ್ಯಾದಸ್ತ ವಿಸಿಟರ್ ಇರಬೇಕು, ಅವನು ಸರ್ಕಾರದ ಸಂಬಳದವನಾಗಿರಬಾರದು. ಅವನು ಯಾವ ದಿನ ಬೇಕಾದರೂ ಬರಬಹುದು, ಕೈದಿಗಳನ್ನು ಮಾತಾಡಿಸಬಹುದು, ಅನ್ನ ಸಾರು ನೋಡಬಹುದು, ಕಂಡದ್ದನ್ನು ವಿಸಿಟರ್ ಪುಸ್ತಕದಲ್ಲಿ ಷರಾ ಬರೆಯಬಹುದು. ಆ ಷರಾದ ನಕಲು ಮೇಲಿನ ಕಚೇರಿಗೆ ಹೋಗಿ, ಜವಾಬು ಬಂದಾಗ ಪುಸ್ತಕದ ಬಲಗಡೆಯ ಖಾನೆಗೆ ಅದನ್ನು ಬರೆಯಬೇಕು. ಕೇಳಲಿಕ್ಕೆ ಎಷ್ಟು ಚಂದ! ತಿಮ್ಮಪ್ಪಯ್ಯನವರು ಶಾಲೆಯಿಂದ ನಿವೃತ್ತರಾದ ವರ್ಷ, ಸಾವಿರದ ಒಂಬೈನೂರ ಇಪ್ಪತ್ತೈದರಲ್ಲಿ, ಅವರ ಹೆಸರಿಗೆ ಮೊಹರು ಬಿದ್ದ ಕಾಗದ ಬಂತು. ಅವರು ಅದಕ್ಕೆ ಕಟ್ಟು ಹಾಕಿಸಿ ಜಗಲಿಯ ಗೋಡೆಗೆ ತೂಗುಹಾಕಿದರು.

"ಜೈಲಿಗೆ ಹೋಗಿ ಬರುವ ಕೆಲಸಕ್ಕೆ ಕಟ್ಟು ಬೇರೆ ಕೇಡು," ಎಂದರು ಹೆಂಡತಿ ವೇದಾವತಿ. "ನೆಂಟರು ಓದಿದ್ರೆ ಎಂತ ಹೇಳುವುದು ನಾನು?"

"ಇಂಗ್ಲಿಷು ನಿನ್ನ ಯಾವ ನೆಂಟರಿಗೆ ಬರ್ತದೆ?" ಎಂದು ಮೇಷ್ಟ್ರು ಬಾಯಿ ಮುಚ್ಚಿಸಿದರು. ಅದು ಆ ಮನೆಯಲ್ಲಿ ಅವರು ಗೆದ್ದ ಕೊನೆಯ ವಾದ.

ವೇದಾವತಮ್ಮನವರದ್ದು ಕಟ್ಟುನಿಟ್ಟಿನ ಮಡಿ. ಜೈಲಿಗೆ ಹೋದ ದಿನ ಮೇಷ್ಟ್ರು ಅಂಗಳದಿಂದಲೇ ಬಾವಿಕಟ್ಟೆಗೆ ಹೋಗಬೇಕು, ತಲೆಯ ಮೇಲೆ ನೀರು ಸುರಿದುಕೊಳ್ಳಬೇಕು, ಪಂಚೆ ಒಗೆದು ಹಾಕಬೇಕು, ಆಮೇಲೆ ಹೊಸ್ತಿಲು. ಚಳಿಯಿರಲಿ, ಜಡಿಮಳೆಯಿರಲಿ, ವಿನಾಯಿತಿ ಇಲ್ಲ. ತಾಮ್ರದ ಹಂಡೆಯ ಪಕ್ಕದಲ್ಲಿ ನಿಂತು ಆಕೆ ಗೊಣಗುವುದು ಒಂದೇ ಗಾದೆ: "ಊರಿಗೆ ಉಪಕಾರಿ, ಮನೆಗೆ ಮಾರಿ."

ಊರಿಗಾದರೂ ಉಪಕಾರವಾಯಿತೇ? ಅದೂ ಇಲ್ಲ. ಮೇಷ್ಟ್ರು ಹೇಳದೆ ಕೇಳದೆ ಹೋಗುತ್ತೇನೆಂದು ಹೊರಟರೂ, ಅವರ ದೊಡ್ಡ ಕರಿ ಕೊಡೆ ಪೇಟೆಯ ತುದಿಯಲ್ಲಿ ಕಂಡರೆ ಸಾಕು, ಕಾಫಿ ಹೋಟೆಲಿನವನು ಪಕ್ಕದ ದರ್ಜಿಗೆ ಕೂಗಿ, ದರ್ಜಿ ಕಚೇರಿಯ ಪೇದೆಗೆ ಕೂಗಿ, ಅವರು ಗೇಟು ತಲುಪುವ ಹೊತ್ತಿಗೆ ಫಿನಾಯಿಲ್ ವಾಸನೆ ಗಮ್ಮೆನ್ನುತ್ತಿತ್ತು. ಜೈಲರ್ ಮೊಣ್ಣಪ್ಪ ಮೀಸೆ ತಿರುವಿಕೊಂಡು, "ಬನ್ನಿ ಮಾಸ್ಟ್ರೇ, ಬನ್ನಿ, ನೀವು ಬರ್ತೀರಂತ ಗೊತ್ತೇ ಇರ್ಲಿಲ್ಲ," ಎಂದು ನಗುವನು. ಒಳ್ಳೆಯವನೇ. ಹೊಡೆಯುವವನಲ್ಲ, ಕದಿಯುವವನೂ ಅಲ್ಲ. ಆದರೆ ಕಲ್ಲಿನ ಕಂಬಕ್ಕೆ ಇರುವಷ್ಟೇ ಚಿಂತೆ ಅವನಿಗೂ ಇದ್ದದ್ದು.

ಮೇಷ್ಟ್ರ ಹೊಟ್ಟೆ ಉರಿಯುತ್ತಿದ್ದದ್ದು ಅನ್ನ ಸಾರಿಗಲ್ಲ, ಫಿನಾಯಿಲಿಗೂ ಅಲ್ಲ. ಮಕ್ಕಳಿಗೆ. ಕಾಫಿ ಕುಯ್ಲಿನ ಕಾಲ ಬಂತೆಂದರೆ ಎಸ್ಟೇಟುಗಳ ಲೈನುಗಳಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ, ಹತ್ತು ಹನ್ನೆರಡು ವರ್ಷದ ಹುಡುಗರನ್ನು ಕಾಫಿ ಕದ್ದರೆಂದು ಹಿಡಿದು ತರುವರು. ಮೊದಲ ಸಲ ಆರು ಛಡಿಯೇಟು. ಎರಡನೆಯ ಸಲ ಜೈಲು. ಜೈಲೆಂದರೆ ಅದೇ ಒಂದು ಕೋಣೆ. ಈ ಕಡೆ ಕುಡಿದು ಹೊಡೆದಾಡಿದವನು, ಆ ಕಡೆ ದನಗಳ್ಳ, ನಡುವೆ ಮಗು. "ಬಾಲಕರಿಗೆ ಬೇರೆ ಕೋಣೆ ಅತ್ಯಗತ್ಯ" ಎಂದು ಮೇಷ್ಟ್ರು ದುಂಡಗಿನ ಅಕ್ಷರದಲ್ಲಿ ಬರೆದರು. ಮೂರು ತಿಂಗಳ ಮೇಲೆ ಬಲಗಡೆ ಖಾನೆಯಲ್ಲಿ ಕೆಂಪು ಶಾಯಿಯ ಒಂದೇ ಪದ: "ನೋಟೆಡ್." ಅಷ್ಟರಲ್ಲಿ ಆ ಮಗು ಶಿಕ್ಷೆ ಮುಗಿಸಿ ಹೋಗಿಯಾಗಿರುತ್ತಿತ್ತು. ಮುಂದಿನ ವರ್ಷ ಮತ್ತೊಂದು ಮಗು, ಮತ್ತದೇ ಷರಾ, ಮತ್ತದೇ ನೋಟೆಡ್. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ತಲೆಯನ್ನಾದರೂ ಆಡಿಸೀತು, ಇವರು ಅದನ್ನೂ ಮಾಡುವವರಲ್ಲ.

ಮೂವತ್ತಾರನೆಯ ಇಸವಿ ಜನವರಿಯಲ್ಲಿ ಕೆಂಚ ಬಂದ. ಸುಂಟಿಕೊಪ್ಪದ ಹತ್ತಿರದ ಒಂದು ಎಸ್ಟೇಟಿನ ಲೈನಿನವನು. ವಯಸ್ಸೆಷ್ಟೆಂದು ಕೇಳಿದರೆ ಅವನಿಗೆ ಗೊತ್ತಿಲ್ಲ. "ದೊಡ್ಡ ಬೊಳ್ಳ ಬಂದ ವರ್ಷ ಹುಟ್ಟಿದ್ದು ಅಂತಾಳೆ ಅವ್ವ," ಎಂದ. ಕಾವೇರಿ ಊರೂರನ್ನೇ ನುಂಗಿದ ಆ ಪ್ರವಾಹ ಇಪ್ಪತ್ನಾಲ್ಕರಲ್ಲಿ, ಹಾಗಾದರೆ ಹನ್ನೆರಡು ಅಂತ ಮೇಷ್ಟ್ರು ಲೆಕ್ಕ ಹಾಕಿದರು. ಅಪ್ಪ ಜ್ವರದಲ್ಲಿ ಹೋಗಿದ್ದ. ಇವನು ಮಡಿಲಲ್ಲಿ ಕಾಫಿ ಹಣ್ಣು ಕಟ್ಟಿಕೊಂಡು ಹೋಗಿ ಅಂಗಡಿಯವನಿಗೆ ಕೊಟ್ಟು ಒಂದು ಅಚ್ಚು ಬೆಲ್ಲ, ಒಂದು ಬುಗುರಿ ತಂದಿದ್ದ. ಎರಡನೆಯ ಸಲ ಸಿಕ್ಕಿಬಿದ್ದದ್ದರಿಂದ ಎರಡು ತಿಂಗಳು. ಕದ್ದ ಮಾಲು ತೆಗೆದುಕೊಂಡ ಅಂಗಡಿಯವನು ಮಾತ್ರ ಅಂಗಡಿಯಲ್ಲೇ ಕೂತು ಊದಿನಕಡ್ಡಿ ಹಚ್ಚುತ್ತಿದ್ದ. ನ್ಯಾಯ ಅಂದರೆ ಹೀಗಿರಬೇಕು ನೋಡಿ!

ಶಿಕ್ಷೆಗೆ ಇಪ್ಪತ್ತೈದು ದಿನ ತುಂಬಿದಾಗ ಮೇಷ್ಟ್ರು ಹೋದರು. ಕೆಂಚ ಖುಷಿಯಲ್ಲಿದ್ದ. ಅವರನ್ನು ನೋಡಿದವನೇ ಸರಳಿನ ಹತ್ತಿರ ಓಡಿ ಬಂದ.

"ಅಯ್ಯಾ, ಒಂದು ತಮಾಷೆ ತೋರಿಸ್ಲಾ?"

"ಎಂತದೋ?"

ಅವನು ಸೊಂಟದ ಉಡಿದಾರದಿಂದ ಒಂದು ತಂತಿಯ ತುಂಡು ತೆಗೆದು, ಬಾಗಿಲ ಹೊರಗೆ ನೇತಾಡುತ್ತಿದ್ದ ಪಾವು ಸೇರು ತೂಗುವ ಸರ್ಕಾರಿ ಬೀಗಕ್ಕೆ ಕೈಚಾಚಿ, ನಾಲಗೆ ಕಚ್ಚಿಕೊಂಡು, ಕಿಟಿಕಿಟಿ ಮಾಡಿ, ಎರಡು ಸಲ ಉಸಿರಾಡುವುದರೊಳಗೆ ಅದನ್ನು ತೆಗೆದುಬಿಟ್ಟ. ತೆಗೆದು, ಮತ್ತೆ ಹಾಕಿದ. ಒಳಗೆ ಗೋಡೆಗೊರಗಿ ಕೂತಿದ್ದ ಮಾರ, ಮೂರು ತಾಲೂಕಿಗೆ ಗೊತ್ತಿದ್ದ ಹಳೆಯ ಕಳ್ಳ, ಮೊಮ್ಮಗನ ಉಪನಯನ ನೋಡುವ ಅಜ್ಜನ ಹಾಗೆ ನಗುತ್ತಿದ್ದ.

"ಬಲೇ ಚುರುಕು ಹುಡುಗ ಅಯ್ಯಾ," ಎಂದ ಮಾರ. "ನಂಗೆ ಇದು ಕಲೀಲಿಕ್ಕೆ ಒಂದು ವರ್ಷ ಹಿಡೀತು."

ಮೊಣ್ಣಪ್ಪ ತಂತಿ ಕಸಿದುಕೊಂಡು ನಾಲ್ಕು ಬೈದ. ಮೂವತ್ತು ವರ್ಷ ಶಾಲೆಯಲ್ಲಿ ಮಗ್ಗಿ ಕಲಿಸಲು ಒದ್ದಾಡಿದ ಮೇಷ್ಟ್ರಿಗೆ, ಇಷ್ಟು ಬೇಗ ಇಷ್ಟು ಚೆನ್ನಾಗಿ ಪಾಠ ನಡೆಯುವ ಶಾಲೆಯನ್ನು ಸರ್ಕಾರವೇ ನಡೆಸುತ್ತಿದೆಯೆಂದು ನೋಡಿ ಮೈಯೆಲ್ಲ ಉರಿಯಿತು. ಅದರ ಜೊತೆಗೆ ಅಳು ಕೂಡ ಬಂತು. ಚುರುಕು ಹುಡುಗ ಹೌದು. ಅದೇ ಸಂಕಟ.

ಈ ಸಲ ಸುಮ್ಮನೆ ಬರೆದರೆ ಆಗುವುದಿಲ್ಲ, ಕಾನೂನಿನ ಭಾಷೆಯಲ್ಲೇ ಹೊಡೆಯಬೇಕು ಎಂದು ನಿಶ್ಚಯಿಸಿದರು. ಸುಬೇದಾರರ ಕಚೇರಿಯಲ್ಲಿ ಶಿರಸ್ತೇದಾರನಾಗಿದ್ದವನು ವೆಂಕಟಕೃಷ್ಣ, ಅವರ ಹಳೆಯ ಶಿಷ್ಯ. ಅವನ ಮೇಜಿನಿಂದ ಕಾನೂನು ಪುಸ್ತಕ ತಂದು, ಜಗಲಿಯಲ್ಲಿ ಕೂತು, ಬಾಲಾಪರಾಧಿಗಳ ಕಾಯಿದೆಯಲ್ಲಿ ಬೆರಳಿಟ್ಟು ಹುಡುಕಿದರು. ಹತ್ತನೆಯ ಸೆಕ್ಷನ್ನಿನ ಮೊದಲ ಸಾಲುಗಳಲ್ಲೇ ಬೇಕಾದದ್ದು ಸಿಕ್ಕಿತು: ಜೈಲಿನಲ್ಲಿರುವ ಹದಿನೈದರೊಳಗಿನ ಹುಡುಗನನ್ನು ಜಿಲ್ಲಾ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬಹುದು. ಸಿಕ್ಕಿತಲ್ಲ! ಮ್ಯಾಜಿಸ್ಟ್ರೇಟರೇ ಹುಡುಗನನ್ನು ಕಣ್ಣಾರೆ ನೋಡಿದರೆ ಕೋಣೆ ಕಟ್ಟಿಸದೆ ಇರುತ್ತಾರೆಯೇ? ಅಷ್ಟಕ್ಕೇ ಪುಸ್ತಕ ಮುಚ್ಚಿದರು. ಪ್ರಶ್ನೆಯನ್ನು ಅರ್ಧ ಓದಿ ಉತ್ತರ ಬರೆದ ಹುಡುಗರ ಕಿವಿಯನ್ನು ಮೂವತ್ತು ವರ್ಷ ಹಿಂಡಿದ ಮಹಾನುಭಾವರು, ಆ ದಿನ ಅರ್ಧ ಸೆಕ್ಷನ್ ಓದಿ ಎದ್ದರು. ಅವರ ಕಿವಿ ಹಿಂಡುವವರು ಯಾರೂ ಇರಲಿಲ್ಲ.

ಷರಾ ಬಿತ್ತು: "ಈ ಜೈಲು ಮಕ್ಕಳನ್ನು ಇಡಲು ಸರ್ವಥಾ ಯೋಗ್ಯವಲ್ಲ. ಕೆಂಚನೆಂಬ ಬಾಲಕ ಇಲ್ಲಿ ಕಳ್ಳತನ ಕಲಿಯುತ್ತಿದ್ದಾನೆ. ಹತ್ತನೆಯ ಸೆಕ್ಷನ್ ಪ್ರಕಾರ ಕ್ರಮ ಕೈಗೊಳ್ಳಬೇಕು." ಕ್ರಮ ಎಂಬ ಪದದ ಕೆಳಗೆ ಎರಡು ಗೆರೆ.

ಹದಿನೈದು ದಿನ. ಬರೀ ಹದಿನೈದು ದಿನದಲ್ಲಿ ಜವಾಬು ಬಂತು! ಸೋಮವಾರ ಬೆಳಿಗ್ಗೆ ಮೊಣ್ಣಪ್ಪನೇ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ.

"ಗೆದ್ರಿ ಮಾಸ್ಟ್ರೇ! ಈ ಗುರುವಾರ ಮ್ಯಾಜಿಸ್ಟ್ರೇಟ್ ಸಾಹೇಬ್ರ ಕ್ಯಾಂಪು ಇಲ್ಲಿಗೆ ಬರ್ತದೆ. ಹುಡುಗನ್ನ ಹಾಜರು ಮಾಡ್ಲಿಕ್ಕೆ ಹುಕುಂ ಆಗಿದೆ. ಅವನನ್ನ ಮದ್ರಾಸಿನ ಆಚೆ ರಿಫಾರ್ಮೇಟರಿ ಶಾಲೆಗೆ ಕಳಿಸ್ತಾರಂತೆ."

"ಎಲ್ಲಿಗೆ?"

"ಮದ್ರಾಸು ಮಾರಾಯ್ರೆ. ನೀವೇ ಬರೆದಿದ್ದೀರಲ್ಲ, ಹತ್ತನೇ ಸೆಕ್ಷನ್ನು."

ಮೇಷ್ಟ್ರು ಒಳಗೆ ಹೋಗಿ ಕನ್ನಡಕ ತಂದು ಕಾನೂನು ಪುಸ್ತಕದ ಉಳಿದರ್ಧ ಓದಿದರು. ಹಾಜರುಪಡಿಸಿದ ಹುಡುಗನನ್ನು ಜೈಲಿನ ಬದಲು ರಿಫಾರ್ಮೇಟರಿಗೆ ಕಳುಹಿಸಬಹುದು. ಅವಧಿ ಮೂರು ವರ್ಷಕ್ಕೆ ಕಡಿಮೆಯಿಲ್ಲ, ಏಳು ವರ್ಷಕ್ಕೆ ಹೆಚ್ಚಿಲ್ಲ. ಕೆಂಚನ ಶಿಕ್ಷೆಯಲ್ಲಿ ಉಳಿದದ್ದು ಇಪ್ಪತ್ತು ದಿನ. ಇಪ್ಪತ್ತು ದಿನದಲ್ಲಿ ತಾಯಿಯ ಹತ್ತಿರ ಹೋಗಬೇಕಾದ ಮಗುವನ್ನು ತಿಮ್ಮಪ್ಪಯ್ಯ ಮೇಷ್ಟ್ರು ತಮ್ಮ ದುಂಡಗಿನ ಅಕ್ಷರದಲ್ಲಿ ಏಳು ವರ್ಷ ದೂರಕ್ಕೆ ಸಾಗಹಾಕಿದ್ದರು. ಹನ್ನೊಂದು ವರ್ಷ ಒಂದು ಅಕ್ಷರ ಓದದ ಸರ್ಕಾರ, ಓದಿದ್ದೂ ಓದಿದ್ದು, ಇದನ್ನೇ ಓದಬೇಕೇ?

ಮರುದಿನ ಬೆಳಿಗ್ಗೆ ಅಂಗಳದ ತುದಿಯಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಜೇನುಹುಟ್ಟು. ಕೆಂಚನ ತಾಯಿ ಮಾದಿ. ಬೆಳಕು ಹರಿಯುವ ಮೊದಲೇ ಲೈನಿನಿಂದ ಹೊರಟು ನಡೆದು ಬಂದಿದ್ದಳು.

"ಬುದ್ದೀ, ನಿಮ್ಮ ಕಾಲಿಗೆ ಬಿದ್ದೆ," ಎಂದು ಅಂಗಳದಲ್ಲೇ ಅಡ್ಡಬಿದ್ದಳು. "ನನ್ ಮಗನ್ನ ಜೈಲಿಂದ ಬಿಡಿಸಿ ಇಸ್ಕೂಲಿಗೆ ಹಾಕ್ಸಿದ್ರಂತೆ. ಪೇದೆ ಹೇಳ್ದ. ನಮ್ ಲೈನಲ್ಲಿ ಯಾರೂ ಇಸ್ಕೂಲ್ ಕಂಡಿಲ್ಲ ಬುದ್ದೀ. ನಿಮ್ ಹೊಟ್ಟೆ ತಣ್ಣಗಿರ್ಲಿ."

ಮೇಷ್ಟ್ರು ಎದ್ದು ಜಗಲಿಯ ಅಂಚಿಗೆ ಬಂದರು.

"ಹಬ್ಬಕ್ಕೆ ಕಳಿಸ್ತಾರಲ್ಲ ಬುದ್ದೀ? ಹುತ್ತರಿಗೆ?"

ಅವರು ಜಗಲಿಯ ಕಂಬ ಹಿಡಿದುಕೊಂಡು ನಿಂತೇ ಹೇಳಿದರು. ಅದು ಶಾಲೆ ಅಲ್ಲ, ಹುಡುಗರ ಜೈಲಿನಂಥದ್ದು. ಇಲ್ಲಿಂದ ಬಸ್ಸು, ಆಮೇಲೆ ರೈಲು, ಆಮೇಲೆ ಮತ್ತೆ ರೈಲು. ಹಬ್ಬಕ್ಕೆ ಕಳಿಸುವುದಿಲ್ಲ. ಅವನು ಬರುವಾಗ ಮೀಸೆ ಬಂದಿರುತ್ತದೆ. ಇಷ್ಟನ್ನೂ ಹೇಳಿ, ಕೊನೆಗೆ ಒಂದು ಮಾತು ಸೇರಿಸಿದರು: "ನಾನೇ ಬರೆದದ್ದು. ನನ್ನದೇ ತಪ್ಪು."

ಮಾದಿ ಕೂಗಾಡಲಿಲ್ಲ. ಶಾಪ ಹಾಕಿದ್ದರೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಎದ್ದು ಸೆರಗಿನಲ್ಲಿ ಮುಖ ಒರೆಸಿಕೊಂಡು, "ಬರ್ದಿದ್ದು ನೀವೇ ಅಂದ್ರೆ ಅಳ್ಸೋದೂ ನೀವೇ ತಾನೆ ಬುದ್ದೀ? ಅಳ್ಸಿಬಿಡಿ," ಎಂದಳು. ಎಷ್ಟು ಸರಳ! ಹಲಗೆಯ ಮೇಲೆ ಬಳಪದಲ್ಲಿ ಬರೆದದ್ದಾಗಿದ್ದರೆ ಮೇಷ್ಟ್ರು ಅಂಗೈಯಲ್ಲೇ ಅಳಿಸುತ್ತಿದ್ದರು.

ಅವಳನ್ನು ಕರೆದುಕೊಂಡು ಮೊದಲು ಹೋದದ್ದು ಎಸ್ಟೇಟಿಗೆ. ಹುಡುಗನಿಗೆ ಮನೆಯಿದೆ, ಕೆಲಸವಿದೆ, ನಾವು ನೋಡಿಕೊಳ್ಳುತ್ತೇವೆ ಅಂತ ದೊರೆಯಿಂದ ಒಂದು ಕಾಗದ ಬೇಕಿತ್ತು. ದೊರೆ ಬೇಟೆಗೆ ಹೋಗಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕುರ್ಚಿಯಿಂದ ಏಳದೆ, "ಹೋದ್ರೆ ಹೋಗ್ಲಿ ಮೇಷ್ಟ್ರೇ, ಲೈನಿಗೆ ಒಂದು ಕಾಟ ತಪ್ತು," ಎಂದ. "ಇನ್ನೂ ನಾಲ್ಕು ಹುಡುಗ್ರಿದ್ದಾರೆ, ಅವರನ್ನೂ ಸೇರಿಸಿ ಬರೆದ್ರೆ ಉಪಕಾರ." ಪಕ್ಕದಲ್ಲೇ ನಿಂತಿದ್ದಳು ಮಾದಿ. ಅವಳು ಅದೇ ಎಸ್ಟೇಟಿನಲ್ಲಿ ಹದಿನೆಂಟು ವರ್ಷ ಹಣ್ಣು ಕುಯ್ದವಳು. ಮೇಷ್ಟ್ರು ಅವನಿಗೆ ಒಂದು ಸಾಲು ಬೈದು ಹೊರಟರು, ಅದೂ ಸಂಸ್ಕೃತದಲ್ಲಿ, ಅವನಿಗೆ ನಾಟಲಿಲ್ಲ.

ಬುಧವಾರ ವೆಂಕಟಕೃಷ್ಣನ ಮೇಜಿನ ಮುಂದೆ ಕೂತರು. ಅವನು ಶಾಲೆಯಲ್ಲಿದ್ದಾಗಲೂ ಹೀಗೇ, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುವ ಹುಡುಗ.

"ನಾನೇ ಜಾಮೀನು ನಿಲ್ತೇನೆ ಕಣೋ."

"ಜೈಲು ವಿಸಿಟರು ಕೈದಿಗೆ ಜಾಮೀನು ನಿಲ್ಲುವ ಹಾಗಿಲ್ಲ ಮೇಷ್ಟ್ರೇ."

"ವಿಸಿಟರ್‌ಗಿರಿಗೆ ರಾಜೀನಾಮೆ ಕೊಡ್ತೇನೆ. ಈಗಲೇ ಬರೀತೇನೆ, ಕಾಗದ ಕೊಡು."

"ಅದು ಚೀಫ್ ಕಮಿಷನರ ತನಕ ಹೋಗಿ ಮಂಜೂರಾಗಿ ಬರ್ಬೇಕು. ಮೂರು ತಿಂಗಳು."

"ತಾಯಿ ಇದ್ದಾಳಲ್ಲಯ್ಯಾ! ಎಚ್ಚರಿಕೆ ಹೇಳಿ ಅವಳ ಕೈಗೆ ಕೊಡಬಾರ್ದಾ? ಆ ಪುಸ್ತಕದಲ್ಲೇ ಅದೂ ಇದೆ, ಈಗ ಪೂರ್ತಿ ಓದಿದ್ದೇನೆ."

"ಇದೆ. ಶಿಕ್ಷೆ ಹಾಕುವ ದಿನ ಯಾರಾದ್ರೂ ಕೋರ್ಟಿನಲ್ಲಿ ಎದ್ದು ನಿಂತು ಕೇಳಿದ್ರೆ ಕೊಡ್ತಿದ್ರು. ಯಾರೂ ಕೇಳ್ಲಿಲ್ಲ."

ಮೇಷ್ಟ್ರು ಹಣೆ ಚಚ್ಚಿಕೊಂಡರು. ಕೋರ್ಟು ಜೈಲಿನಿಂದ ಐವತ್ತು ಹೆಜ್ಜೆ ದೂರ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವರು ಅದರ ಮೆಟ್ಟಿಲು ಹತ್ತಿರಲಿಲ್ಲ. ಬಾಗಿಲು ಹಾಕಿದ ಮೇಲೆ ಬಂದು ಬಾಗಿಲಿನ ಬಣ್ಣ ಸರಿಯಿಲ್ಲವೆಂದು ಬರೆಯುತ್ತಿದ್ದರು.

ವೆಂಕಟಕೃಷ್ಣ ಸುತ್ತ ನೋಡಿ ದನಿ ತಗ್ಗಿಸಿದ. "ಮೇಷ್ಟ್ರೇ, ಸಾಹೇಬರು ಕೆಟ್ಟವರಲ್ಲ. ನಾಳೆ ಅವರು ಒಂದೇ ಪ್ರಶ್ನೆ ಕೇಳ್ತಾರೆ. ಈ ಜೈಲು ಮಕ್ಕಳಿಗೆ ಲಾಯಕ್ಕೋ ಅಲ್ಲವೋ? ಅಲ್ಲ ಅಂದ್ರೆ ಹುಡುಗ ರಿಫಾರ್ಮೇಟರಿಗೆ. ಹೌದು ಅಂದ್ರೆ ಇಲ್ಲೇ ಇದ್ದು ಉಳಿದ ದಿನ ಕಳೆದು ಮನೆಗೆ. ಅವರು ನೋಡುವುದು ವಿಸಿಟರ್ ಪುಸ್ತಕದ ಕೊನೆಯ ಷರಾ. ಕೊನೆಯದು ಯಾವುದಾಗಿರ್ಬೇಕು ಅನ್ನೋದು ನಿಮ್ಮ ಕೈಲಿದೆ."

"ಅಂದ್ರೆ?"

ಅವನು ಫೈಲಿನಲ್ಲಿ ತಲೆ ಹುದುಗಿಸಿದ. ಮೇಷ್ಟ್ರಿಗೆ ಅರ್ಥವಾಗಿತ್ತು.

ಅಲ್ಲ, ನೀವೇ ಹೇಳಿ, ಆ ಮನುಷ್ಯ ಏನು ಮಾಡಬೇಕಿತ್ತು? ಅತ್ತ ದರಿ, ಇತ್ತ ಪುಲಿ. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಅಂತ ಬೋಧಿಸಿದವರು. ಊರಿನಲ್ಲಿ ಅವರಿಗಿದ್ದ ಆಸ್ತಿ ಅಂದರೆ ಅದೊಂದೇ, ತಿಮ್ಮಪ್ಪಯ್ಯ ಮೇಷ್ಟ್ರು ಬರೆದರೆ ಸುಳ್ಳಿರುವುದಿಲ್ಲ ಅನ್ನುವ ಮಾತು. ಅವರ ಷರಾವನ್ನು ಸರ್ಕಾರ ಓದದಿದ್ದರೂ, ಸುಳ್ಳೆಂದು ಯಾರೂ ಅಂದಿರಲಿಲ್ಲ.

ಜೈಲಿಗೆ ಹೋದರು. ಮೊಣ್ಣಪ್ಪ ಪುಸ್ತಕ ತೆರೆದು, ಶಾಯಿ ದೌತಿ ಇಟ್ಟು, ಸ್ಟೂಲು ಎಳೆದುಕೊಟ್ಟ. ಒಳಗೆ ಕೆಂಚ ಮಾರನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ಬೆರಳ ಸಂದುಗಳಲ್ಲಿ ಕಜ್ಜಿ ಎದ್ದಿತ್ತು. ಅದನ್ನು ನೋಡುತ್ತಲೇ ಮೇಷ್ಟ್ರು ಬರೆದರು: "ಜೈಲನ್ನು ಪುನಃ ಕೂಲಂಕಷವಾಗಿ ಪರಿಶೀಲಿಸಿದೆ. ಶುಚಿತ್ವ ಚೆನ್ನಾಗಿದೆ. ಬಾಲಕನನ್ನು ದೊಡ್ಡವರಿಂದ ಬೇರೆಯಾಗಿ ಇಡಲಾಗಿದೆ. ಅವನ ಆರೋಗ್ಯ ಉತ್ತಮ. ಮಕ್ಕಳ ಮಟ್ಟಿಗೂ ಇಲ್ಲಿನ ವ್ಯವಸ್ಥೆ ತೃಪ್ತಿಕರ. ನನ್ನ ಹಿಂದಿನ ಷರಾಗಳು ಅವಸರದಲ್ಲಿ, ಸರಿಯಾಗಿ ನೋಡದೆ ಬರೆದವು." ಸಹಿ ಹಾಕುವಾಗ ನಿಬ್ಬು ಕಾಗದಕ್ಕೆ ಚುಚ್ಚಿಕೊಂಡು ಶಾಯಿ ಚೆಲ್ಲಿತು.

ಮೊಣ್ಣಪ್ಪ ಹೆಗಲ ಮೇಲಿನಿಂದ ಓದಿದ. ಅವನು ಈ ಸಲ ನಗಲಿಲ್ಲ. "ಇಷ್ಟೊಂದು ಬರೀಬೇಕಿತ್ತಾ ಮಾಸ್ಟ್ರೇ?" ಎಂದ ಮೆಲ್ಲಗೆ. ಹುಡುಗನಿಗೆ ಹಚ್ಚಲು ಬೇವಿನೆಣ್ಣೆ ತರಿಸುತ್ತೇನೆಂದೂ ಹೇಳಿದ.

ಮನೆಯಲ್ಲಿ ಬಾವಿಕಟ್ಟೆಯ ಹತ್ತಿರ ಮೇಷ್ಟ್ರು ನಡೆದದ್ದನ್ನೆಲ್ಲ ಹೇಳಿದರು. ವೇದಾವತಮ್ಮ ಹಂಡೆಯ ಪಕ್ಕದಲ್ಲಿ ನಿಂತು ಕೇಳಿದರು.

"ಸುಳ್ಳು ಬರೆದ್ರಾ?"

"ಬರೆದೆ."

"ಹುಡುಗ ತಾಯಿ ಹತ್ರ ಹೋಗ್ತಾನಲ್ಲ?"

"ಹೋದಾನು."

"ಹಾಗಾದ್ರೆ ನೀರು ಸುರಿದುಕೊಳ್ಳಿ. ಜೈಲಿಗೂ ಸುಳ್ಳಿಗೂ ಸೇರಿಸಿ ಒಂದೇ ಸ್ನಾನ ಸಾಕು," ಎಂದು ಚೊಂಬು ಕೈಗೆ ಕೊಟ್ಟರು. ಆ ದಿನ ಗಾದೆ ಹೇಳಲಿಲ್ಲ.

ಗುರುವಾರ ಕ್ಯಾಂಪಿನ ಮೇಜಿನ ಮುಂದೆ ಸಾಹೇಬರು ಎರಡು ಷರಾಗಳನ್ನೂ ಓದಿ ಕನ್ನಡಕದ ಮೇಲಿನಿಂದ ನೋಡಿದರು. ಹದಿನೈದು ದಿನದಲ್ಲಿ ಜೈಲು ಇಷ್ಟು ಬದಲಾಯಿತೇ ಎಂದು ಕೇಳಿದರು. ಮೇಷ್ಟ್ರು ಕೈಕಟ್ಟಿ ನಿಂತು, ಜೈಲು ಬದಲಾಗಿಲ್ಲ, ನನಗೆ ವಯಸ್ಸಾಗಿದೆ, ಕಣ್ಣು ಮಂಜು, ಮೊದಲು ತಪ್ಪು ಕಂಡಿತ್ತು ಎಂದರು. ಪಕ್ಕದಲ್ಲಿದ್ದ ಗುಮಾಸ್ತರು ಕಿಸಕ್ಕೆಂದರು. ಅವರಲ್ಲಿ ಇಬ್ಬರು ಮೇಷ್ಟ್ರ ಕೈಯಲ್ಲಿ ಅಕ್ಷರ ಕಲಿತವರು. ಸಾಹೇಬರು ಮುಗುಳ್ನಕ್ಕು, ರಿಫಾರ್ಮೇಟರಿಯ ಹುಕುಂ ಹೊರಡಿಸದೆ ಫೈಲು ಮುಚ್ಚಿದರು. ಇಪ್ಪತ್ತು ದಿನ ಕಳೆದು ಮಾದಿ ಬಂದು ಮಗನನ್ನು ಕರೆದುಕೊಂಡು ಹೋದಳು. ಅವನನ್ನು ರೈಟರ ಕಣ್ಣಿಗೆ ಬೀಳಿಸದೆ ಗಾಳಿಬೀಡಿನಲ್ಲಿದ್ದ ತನ್ನ ಅಣ್ಣನ ಮನೆಗೆ, ಗದ್ದೆ ಕೆಲಸಕ್ಕೆ, ಕಳಿಸಿದಳಂತೆ.

ಇಲ್ಲಿಗೆ ಮುಗಿದಿದ್ದರೆ ಮೇಷ್ಟ್ರು ತಮ್ಮ ಸುಳ್ಳನ್ನು ಹೇಗೋ ಜೀರ್ಣಿಸಿಕೊಳ್ಳುತ್ತಿದ್ದರು. ಅವರು ಕೋರ್ಟಿಗೂ ಹೋಗತೊಡಗಿದ್ದರು. ಹುಡುಗರ ಕೇಸು ಇದ್ದ ದಿನ ಹಿಂದಿನ ಬೆಂಚಿನಲ್ಲಿ ಕೂತು, ಎದ್ದು ನಿಂತು, ತಾಯಿ ತಂದೆಯ ಕೈಗೆ ಕೊಡಿ ಸ್ವಾಮಿ ಎಂದು ಕೇಳುವರು. ಎರಡು ಸಲ ಕೊಟ್ಟರು ಕೂಡ. ಆದರೆ ಆಷಾಢದಲ್ಲಿ, ಕಕ್ಕಡದ ಮಳೆಯಲ್ಲಿ, ಅವರಿಗೆ ಚಳಿಜ್ವರ ಬಂದು ಹದಿನೈದು ದಿನ ಹಾಸಿಗೆ ಹಿಡಿದರು. ಎದ್ದು ಕೂತ ದಿನವೇ ಮೇಲಿನ ಕಚೇರಿಯಿಂದ ಒಂದು ಲಕೋಟೆ ಬಂತು. ದಪ್ಪ ಕಾಗದ, ಟೈಪು ಮಾಡಿದ್ದು, ಒಂದೇ ಪದದ ಜವಾಬಲ್ಲ, ಪೂರ್ತಿ ಎರಡು ಪ್ಯಾರಾ.

ಮೊದಲ ಪ್ಯಾರಾ ವಂದನೆ. ಹನ್ನೊಂದು ವರ್ಷ ಕಟುವಾಗಿ ಟೀಕಿಸಿದ ವಿಸಿಟರೇ ಈಗ ವ್ಯವಸ್ಥೆಯನ್ನು ಮೆಚ್ಚಿ ಬರೆದಿರುವುದು ಇಲಾಖೆಗೆ ಸಂತೋಷ ತಂದಿದೆ, ಆ ಷರಾವನ್ನು ವಾರ್ಷಿಕ ವರದಿಯಲ್ಲಿ ಸೇರಿಸಲಾಗಿದೆ. ಎರಡನೆಯ ಪ್ಯಾರಾ ಹೀಗಿತ್ತು: ತಾವು ಹಲವು ವರ್ಷಗಳಿಂದ ಸೂಚಿಸುತ್ತಾ ಬಂದಿದ್ದ ಬಾಲಕರ ಪ್ರತ್ಯೇಕ ಕೋಣೆಗೆ ಈ ವರ್ಷ ಮಂಜೂರಾತಿ ತಯಾರಾಗಿತ್ತು. ತಮ್ಮ ಫೆಬ್ರವರಿ ತಿಂಗಳ ಷರಾದಿಂದ ಅದರ ಅಗತ್ಯವಿಲ್ಲವೆಂದು ಕಂಡುಬಂದದ್ದರಿಂದ ಆ ಕೆಲಸವನ್ನು ಕೈಬಿಡಲಾಗಿದೆ.

ಓದುತ್ತಿದ್ದರಂತೆ! ಅಷ್ಟು ವರ್ಷವೂ ಎಲ್ಲೋ ಒಂದು ಮೇಜಿನ ಮೇಲೆ ಯಾರೋ ಒಬ್ಬ ಅದನ್ನು ಓದುತ್ತಿದ್ದ, ಫೈಲು ಆಮೆಯ ಹಾಗೆ ತೆವಳುತ್ತಾ ಮುಂದೆ ಬರುತ್ತಿತ್ತು. ಇನ್ನೊಂದಾರು ತಿಂಗಳು ಸುಮ್ಮನಿದ್ದಿದ್ದರೆ ಕೋಣೆ ಎದ್ದು ನಿಲ್ಲುತ್ತಿತ್ತು. ಅದನ್ನಾದರೂ ಒಂದು ಸಲ ಬಾಯಿ ಬಿಟ್ಟು ಹೇಳಬಾರದಿತ್ತೇ ಇವರು? ಕೆಂಪು ಶಾಯಿಗೆ ಅಷ್ಟು ಬರವೇ?

"ಎಂತ ಬರೆದಿದ್ದಾರೆ?" ಎಂದು ವೇದಾವತಮ್ಮ ಅಡುಗೆಮನೆಯಿಂದ ಕೇಳಿದರು.

"ನಾನು ಬರೆದದ್ದನ್ನು ಒಪ್ಪಿದ್ದಾರೆ," ಎಂದರು ಮೇಷ್ಟ್ರು. ಜ್ವರದ ಮೈಯಲ್ಲೇ ಕೊಡೆ ತೆಗೆದುಕೊಂಡು ಹೊರಟರು. ಹೆಂಡತಿ ಕೂಗಿ ಕರೆದರೂ ತಿರುಗಲಿಲ್ಲ.

ಜೈಲಿನಲ್ಲಿ ಫಿನಾಯಿಲ್ ವಾಸನೆಯಿರಲಿಲ್ಲ, ಅಂಥ ಮಳೆಯಲ್ಲಿ ಅವರು ಬಂದಾರೆಂದು ಯಾರೂ ಎಣಿಸಿರಲಿಲ್ಲ. ಆ ಒಂದೇ ಕೋಣೆಯಲ್ಲಿ ಹತ್ತು ಜನ ದೊಡ್ಡವರು, ಅವರ ನಡುವೆ ಇಬ್ಬರು ಹುಡುಗರು. ಅಣ್ಣ ಪುಟ್ಟ, ಹನ್ನೊಂದು ವರ್ಷ. ತಮ್ಮ ಪಾಪ, ಒಂಬತ್ತಿರಬಹುದು. ಅದೇ ಎಸ್ಟೇಟು ಲೈನಿನವರು, ಎರಡನೆಯ ಸಲ ಕೋಳಿ ಕದ್ದದ್ದು, ಮೇಷ್ಟ್ರು ಹಾಸಿಗೆಯಲ್ಲಿದ್ದ ದಿನಗಳಲ್ಲಿ ಶಿಕ್ಷೆಯಾಗಿತ್ತು. ಮಾಡು ಸೋರಿ ಒಂದು ಮೂಲೆ ನೆನೆದಿತ್ತು. ಆ ಮೂಲೆಯೇ ಮಕ್ಕಳ ಪಾಲಿಗೆ ಬಂದದ್ದು.

"ಪುಸ್ತಕ ಕೊಡು," ಎಂದರು ಮೇಷ್ಟ್ರು.

ಮೊಣ್ಣಪ್ಪ ಕೊಟ್ಟ. ಆದರೆ ಅಂಗೈಯನ್ನು ಪುಟದ ಮೇಲೆ ಇಟ್ಟೇ ನಿಂತ. "ಮಾಸ್ಟ್ರೇ, ನೀವು ಇವತ್ತು ನಿಜ ಬರೆದ್ರೆ ಇವರಿಬ್ಬರನ್ನೂ ಮದ್ರಾಸಿನ ದಾರಿ ಹಿಡಿಸೋದು ನಾನೇ. ಚೆನ್ನಾಗಿದೆ ಅಂತ ಬರೆದ್ರೆ ಮುಂದಿನ ವರ್ಷವೂ ಇದೇ ಕೋಣೆ. ನೋಡಿ, ನಿಮಗೆ ಹೇಗೆ ಕಾಣ್ತದೋ ಹಾಗೆ." ಹೇಳಿ ಕೈ ತೆಗೆದ.

ಮೇಷ್ಟ್ರು ನಿಬ್ಬನ್ನು ಶಾಯಿಯಲ್ಲಿ ಅದ್ದಿದರು. ತಾರೀಖು ಹಾಕಿದರು. ನಿಬ್ಬು ಒಣಗಿತು. ಮತ್ತೆ ಅದ್ದಿದರು, ಮತ್ತೆ ಒಣಗಿತು. ಹೊರಗೆ ಮಳೆ ಸುರಿಯುತ್ತಲೇ ಇತ್ತು. ಕೊನೆಗೆ ನಡುವೆ ಒಂದಕ್ಷರವೂ ಬರೆಯದೆ ಪುಟದ ಕೆಳಗೆ ಸಹಿ ಮಾತ್ರ ಹಾಕಿದರು.

ಪುಟ್ಟ ತಮ್ಮನ ಕೈ ಹಿಡಿದುಕೊಂಡು ಸರಳಿನ ಹತ್ತಿರ ಬಂದ. "ಅಯ್ಯಾ, ನೀವೇ ಅಲ್ವಾ ಬರೆಯೋರು? ನೀವು ಬರೆದದ್ದಕ್ಕೇ ಕೆಂಚ ಮನೆಗೆ ಹೋದ್ದಂತೆ, ಲೈನಲ್ಲಿ ಎಲ್ಲಾರೂ ಹೇಳ್ತಾರೆ. ನಮ್ಮ ವಿಷ್ಯನೂ ಬರೆದ್ರಾ?"

ಮೇಷ್ಟ್ರು ಆ ಪುಟ ಹುಡುಗನಿಗೆ ಕಾಣದ ಹಾಗೆ ಪುಸ್ತಕ ಮುಚ್ಚಿದರು.

"ಬರೆದೆ ಮಗಾ," ಎಂದರು.